ಬೆಟ್ಟಯ್ಯನ ಕೊನೆಯ ಕರಾರು

ಅನಂತಪದ್ಮನಾಭ ಅವರನ್ನು ಬೆಟ್ಟಯ್ಯ ಮೊದಲು ನೋಡಿದ್ದು ೧೯೫೭ರ ಮುಂಗಾರಿನಲ್ಲಿ, ಗಿರಿಜಾ ಮಿಲ್ಲಿನ ಹಿಂದಿನ ಮೈದಾನದಲ್ಲಿ. ಮಧ್ಯಾಹ್ನ ಒಂದು ಹದ ಮಳೆ ಬಿದ್ದು ನಿಂತಿತ್ತು. ಗೋಲಿನ ಮುಂದೆ, ಆಟಗಾರರ ಕಾಲು ತುಳಿದು ತುಳಿದು ತಗ್ಗಾದ ಜಾಗದಲ್ಲಿ, ಕೆಂಪು ನೀರು ನಿಂತಿತ್ತು. ಬೆಟ್ಟಯ್ಯ ಕುಕ್ಕುರುಗಾಲಿನಲ್ಲಿ ಕೂತು ಗೋಣಿಚೀಲದ ತುಂಡನ್ನು ಅದರಲ್ಲಿ ಅದ್ದುವುದು, ಪಕ್ಕಕ್ಕೆ ಹಿಂಡುವುದು, ಮತ್ತೆ ಅದ್ದುವುದು, ಹೀಗೆ ಮಾಡುತ್ತಿದ್ದ. ತೋಳಿಲ್ಲದ ಬನಿಯನು, ಖಾಕಿ ಚಡ್ಡಿ, ಬರಿಗಾಲು. ಉಳಿದ ಆಟಗಾರರು ಹುಣಸೆಮರದ ಕೆಳಗೆ ನಿಂತು ಹಾಕಿ ಸ್ಟಿಕ್ಕಿನ ಹಿಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು.

ಮಿಲ್ಲಿನ ಹಿಂಬಾಗಿಲಿನಿಂದ ಒಬ್ಬರು ಸೈಕಲ್ಲು ತಳ್ಳಿಕೊಂಡು ಬಂದರು. ಬಿಳಿ ಪ್ಯಾಂಟು, ಚೈನಿಗೆ ಸಿಕ್ಕದಂತೆ ಕಾಲಿಗೆ ಕ್ಲಿಪ್ಪು, ಎದೆಯ ಮೇಲೆ ಕಾಲೇಜಿನ ಲಾಂಛನವಿದ್ದ ಕಡುಗೆಂಪು ಕೋಟು, ಹಣೆಯಲ್ಲಿ ಅಂಗಾರದ ಸಣ್ಣ ಗೀಟು. ವಯಸ್ಸಿನಲ್ಲಿ ಬೆಟ್ಟಯ್ಯನಿಗಿಂತ ಚಿಕ್ಕವರು. ಅವರು ಮೈದಾನವನ್ನು ಒಮ್ಮೆ ನೋಡಿ, ಹತ್ತಿರದಲ್ಲಿ ಕಂಡ ಬೆಟ್ಟಯ್ಯನಿಗೆ ಕೈ ಮಾಡಿದರು.

"ಏಯ್, ಬಾ ಇಲ್ಲಿ. ಇದನ್ನು ಹಿಡ್ಕೊ."

ಬೆಟ್ಟಯ್ಯ ಮೊದಲು ಸೈಕಲ್ಲನ್ನು ನೋಡಿದ, ಆಮೇಲೆ ಮನುಷ್ಯನನ್ನು. "ಯಾಕ್ ಸಾರ್, ಸ್ಟ್ಯಾಂಡ್ ಮುರ್ದೋಗೈತಾ?"

ಮರದ ಕೆಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಬಂದವರ ಕಿವಿ ಕೆಂಪಾಯಿತು. "ಈ ಮಿಲ್ಲಿನಲ್ಲಿ ಮಾಲಿಗಳಿಗೂ ಇಷ್ಟು ಬಾಯೋ?"

"ಮಾಲಿ ಅಲ್ಲ ಸಾರ್, ಅವರು ನಮ್ಮ ಕ್ಯಾಪ್ಟನ್ನು," ಎಂದು ಯಾರೋ ಹೇಳಿದರು.

"ಓಹೋ. ಗುಂಡಿ ಒರೆಸೋ ಕ್ಯಾಪ್ಟನ್ನು," ಎಂದರು ಅವರು. ಆಮೇಲೆ ತಾವು ಹೊಸದಾಗಿ ಬಂದಿರುವ ಕಾರ್ಮಿಕ ಅಧಿಕಾರಿ, ಹಾಕಿ ತಂಡದ ಸೆಕ್ರೆಟರಿ ಕೆಲಸವೂ ಇನ್ನು ಮುಂದೆ ತಮ್ಮದೇ ಎಂದು ತಿಳಿಸಿದರು. ಕಾಲೇಜು ತಂಡದಲ್ಲಿ ಮೂರು ವರ್ಷ ಆಡಿದ್ದೇನೆ, ಶಾಸ್ತ್ರವಾಗಿ ಆಡುವುದು ಹೇಗೆಂದು ತೋರಿಸುತ್ತೇನೆ ಎಂದು ಕೋಟು ಕಳಚಿ ಸೈಕಲ್ಲಿನ ಹ್ಯಾಂಡಲಿಗೆ ಹಾಕಿದರು. ಒಬ್ಬನ ಕೈಯಿಂದ ಸ್ಟಿಕ್ಕು ತೆಗೆದುಕೊಂಡು ಬೆಟ್ಟಯ್ಯನನ್ನು ಬುಲ್ಲಿಗೆ ಕರೆದರು. ಎದುರಾಳಿಗಳಿಬ್ಬರು ಚೆಂಡನ್ನು ನಡುವೆ ಇಟ್ಟುಕೊಂಡು, ನೆಲಕ್ಕೊಮ್ಮೆ ಸ್ಟಿಕ್ಕಿಗೊಮ್ಮೆ ಮೂರು ಸಲ ತಟ್ಟಿ, ಆಮೇಲೆ ಚೆಂಡಿಗೆ ಹಾಯುವುದೇ ಬುಲ್ಲಿ. ಆ ಕಾಲದಲ್ಲಿ ಆಟ ಶುರುವಾಗುತ್ತಿದ್ದುದೇ ಹಾಗೆ.

ಹೊಸ ಅಧಿಕಾರಿ, ಒಂದು ಸಲ ಗೆಲ್ಲಲು ಬಿಟ್ಟಿದ್ದರೆ ಬೆಟ್ಟಯ್ಯನ ಗಂಟೇನೂ ಹೋಗುತ್ತಿರಲಿಲ್ಲ. ಅವನು ಬಿಡಲಿಲ್ಲ. ಮೂರನೆಯ ತಟ್ಟು ಮುಗಿಯುವಷ್ಟರಲ್ಲಿ ಚೆಂಡು ಅನಂತಪದ್ಮನಾಭರ ಎರಡೂ ಕಾಲಿನ ನಡುವೆ ಹಾದುಹೋಯಿತು. ಅದನ್ನು ಹಿಡಿಯಲು ತಿರುಗಿದ ಅವರು ಜಾರಿ, ಆಗಷ್ಟೇ ಬೆಟ್ಟಯ್ಯ ಒರೆಸುತ್ತಿದ್ದ ಕೆಸರಿನಲ್ಲಿ ಕೂತುಬಿಟ್ಟರು. ಈ ಸಲ ಯಾರೂ ನಗಲಿಲ್ಲ. ಬೆಟ್ಟಯ್ಯ ಕೈ ಚಾಚಿದ. ಅವರು ಅದನ್ನು ಹಿಡಿಯದೆ ತಾವೇ ಎದ್ದರು.

ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಬೆಟ್ಟಯ್ಯ ವರುಣಾ ಕಡೆಯ ಹಳ್ಳಿಯವನು, ಒಕ್ಕಲು ಮನೆತನ. ಇದ್ದ ಹೊಲ ದೊಡ್ಡಪ್ಪಂದಿರ ಪಾಲಿಗೇ ಸಾಲದೆ ಅವನ ತಂದೆ ಮೈಸೂರಿಗೆ ಬಂದು ಕುದುರೆ ಲಾಯಗಳಿಗೆ ಹುಲ್ಲು ಹಾಕುವ ಕೆಲಸ ಹಿಡಿದ. ಲಾಯದ ಪಕ್ಕದ ಬಯಲಿನಲ್ಲಿ ಸಿಪಾಯಿಗಳು ಹಾಕಿ ಆಡುತ್ತಿದ್ದರು. ಅವರು ಮುರಿದು ಎಸೆದ ಸ್ಟಿಕ್ಕಿಗೆ ತಂತಿ ಸುತ್ತಿಕೊಂಡು ಬೆಟ್ಟಯ್ಯ ಆಟ ಕಲಿತ. ಮುಂದೆ ಆಡಲು ಎಲ್ಲರಿಗೂ ಆಸೆ. ಬರಿಗಾಲಿನ ಹುಡುಗನನ್ನು ಅವರು ಹಿಂದಕ್ಕೆ, ಗೋಲಿನ ಮುಂದಕ್ಕೆ ತಳ್ಳಿದರು. ಹೀಗೆ ಅವನು ಫುಲ್‌ಬ್ಯಾಕ್ ಆದ. ದಪ್ಪ ಮಣಿಕಟ್ಟು, ಗಿಡ್ಡ ಕತ್ತು, ಯಾರು ಮೈಮೇಲೆ ಬಂದರೂ ಕದಲದ ನಿಲುವು. ಅವನು ಹೊಡೆದ ಚೆಂಡಿಗೆ ಕಾಲು ಕೊಟ್ಟವರು ವಾರಗಟ್ಟಲೆ ಕುಂಟುತ್ತಿದ್ದರು.

೧೯೪೭ರ ದಸರಾದಲ್ಲಿ ಅವನ ಆಟವನ್ನು ಗಿರಿಜಾ ಮಿಲ್ಲಿನ ಸಾಹುಕಾರ್ ಸದಾಶಿವಯ್ಯನವರು ನೋಡಿದರು. ಮೇಟಗಳ್ಳಿಯ ಕಡೆ ನೂಲಿನ ಮಿಲ್ಲು ಅವರದು. ಆಟದ ಹುಚ್ಚಿನ ಮನುಷ್ಯ. ವಿಜಯದಶಮಿಯ ಬೆಳಿಗ್ಗೆ ಅವನನ್ನು ಮಿಲ್ಲಿಗೆ ಕರೆಸಿ, ಹಿಂದಿನ ದಿನ ಆಯುಧಪೂಜೆಗೆ ಯಂತ್ರಗಳ ಪಕ್ಕದಲ್ಲಿ ಇಟ್ಟಿದ್ದ ಒಂದು ಹೊಸ ಸ್ಟಿಕ್ಕನ್ನು, ಕುಂಕುಮ ಒರೆಸದೆ, ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ಅವನ ಕೈಗೆ ಕೊಟ್ಟರು. "ಇನ್ನೊಂದು ವರ್ಷ ನೀನು ನಮ್ಮವನು ಕಣಯ್ಯ," ಎಂದರು.

ಅದೇ ಆಮೇಲೆ ಪದ್ಧತಿಯಾಯಿತು. ಪ್ರತಿ ವರ್ಷ ಆಯುಧಪೂಜೆಗೆ ತಂಡದ ಸ್ಟಿಕ್ಕುಗಳೆಲ್ಲ ಸಾಲಾಗಿ ಪೂಜೆಗೆ ಕೂರುತ್ತಿದ್ದವು. ಮರುದಿನ ಸಾಹುಕಾರರು ಒಬ್ಬೊಬ್ಬರ ಹೆಸರು ಕೂಗಿ ಹೊಸ ಸ್ಟಿಕ್ಕು ಕೊಟ್ಟು ಅದೇ ಮಾತು ಹೇಳುತ್ತಿದ್ದರು. ಹೆಸರು ಕೂಗಿದರೆ ಇನ್ನೊಂದು ವರ್ಷ ಕೆಲಸ, ಮಿಲ್ಲಿನ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಒಂದು ಮನೆ. ಕೂಗದಿದ್ದರೆ ಎರಡೂ ಇಲ್ಲ. ಆಟಗಾರರು ಮಿಲ್ಲಿನ ಖಾಯಂ ಕೆಲಸಗಾರರಾಗಿರಲಿಲ್ಲ. ಬೆಳಿಗ್ಗೆ ಹತ್ತಿ ಗೋಡೌನಿನಲ್ಲಿ ಬೇಲು ಉರುಳಿಸುವುದು, ಸಂಜೆ ಮೈದಾನ, ವರ್ಷಕ್ಕೊಂದು ಕರಾರು. ಗೋಡೌನಿನ ಖಾಯಂ ಕೂಲಿಯವರು, ಮಧ್ಯಾಹ್ನವೇ ಕೆಲಸ ಬಿಟ್ಟು ಹೊರಡುವ ಆಟಗಾರರನ್ನು 'ಮಿಲ್ಲಿನ ಅಳಿಯಂದಿರು' ಎನ್ನುತ್ತಿದ್ದರು, ಕೇಳುವ ಹಾಗೆಯೇ.

ಕರಾರಿನ ಕಾಗದ ಎಂಬುದೊಂದು ಇತ್ತು. ಅದು ಬರುತ್ತಿದ್ದುದು ಹಬ್ಬದ ಸುತ್ತಮುತ್ತ, ಆಫೀಸಿನವರಿಗೆ ಪುರುಸೊತ್ತಾದಾಗ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ. ಬೆಟ್ಟಯ್ಯ ತೋರಿಸಿದ ಜಾಗದಲ್ಲಿ ರುಜು ಹಾಕಿ ಬರುತ್ತಿದ್ದ. ೧೯೪೭ರಲ್ಲಿ ವಿಜಯದಶಮಿ ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಬಿದ್ದಿತ್ತು. ಆಫೀಸಿನವರು ಅದೇ ತಾರೀಖು ಹಿಡಿದುಕೊಂಡು ಪ್ರತಿ ವರ್ಷವೂ ಅಕ್ಟೋಬರ್ ಇಪ್ಪತ್ತನಾಲ್ಕರಿಂದ ಮುಂದಿನ ಅಕ್ಟೋಬರ್ ಇಪ್ಪತ್ತಮೂರರವರೆಗೆ ಎಂದೇ ಬರೆಯುತ್ತಿದ್ದರು. ಹಬ್ಬ ಪಂಚಾಂಗದ ಪ್ರಕಾರ ಹಿಂದೆ ಮುಂದೆ ಸರಿಯುತ್ತಿತ್ತು, ಕಾಗದ ಸರಿಯುತ್ತಿರಲಿಲ್ಲ. ಕರಾರು ಇರುವವರೆಗೆ ಬೇರೆ ತಂಡಕ್ಕೆ ಆಡಕೂಡದು, ಆಡಿದರೆ ಕರಾರು ರದ್ದು ಎಂಬ ಷರತ್ತೂ ಅದರಲ್ಲಿತ್ತು. ಷರತ್ತು ಬೆಟ್ಟಯ್ಯನಿಗೆ ಗೊತ್ತಿತ್ತು. ತಾರೀಖನ್ನು ಅವನು ಯಾವತ್ತೂ ಕೇಳಿದವನಲ್ಲ. ಅವನ ಲೆಕ್ಕದಲ್ಲಿ ವಿಜಯದಶಮಿಯಿಂದ ವಿಜಯದಶಮಿಗೆ ಒಂದು ವರ್ಷ. ಧಣಿಯ ಕೈಯಿಂದ ಸ್ಟಿಕ್ಕು ಬಂದರೆ ಅದೇ ರುಜು.

ಸದಾಶಿವಯ್ಯನವರು ಇರುವವರೆಗೆ ಅನಂತಪದ್ಮನಾಭ ಅವರು ಹಲ್ಲು ಕಚ್ಚಿಕೊಂಡಿದ್ದರು. ೧೯೫೯ರ ಕೊನೆಗೆ ಸಾಹುಕಾರರು ತೀರಿಕೊಂಡರು. ಅವರ ಮಗನಿಗೆ ಆಟದ ಗೀಳಿರಲಿಲ್ಲ. ತಂಡದ ಉಸಾಬರಿಯನ್ನೆಲ್ಲ ಸೆಕ್ರೆಟರಿಗೇ ಬಿಟ್ಟುಬಿಟ್ಟರು. ಮೊದಲ ತಿಂಗಳಲ್ಲೇ ಬೆಟ್ಟಯ್ಯನ ಕ್ಯಾಪ್ಟನ್‌ಗಿರಿ ಹೋಯಿತು. ಅದು ದೊರೆಸ್ವಾಮಿಗೆ ಸಿಕ್ಕಿತು. ಅವನು ಅರಮನೆಯ ಕಚೇರಿಯಲ್ಲಿದ್ದ ಗುಮಾಸ್ತರೊಬ್ಬರ ಮಗ, ಇಂಟರ್ ಓದಿದವನು, ಅವನೂ ಫುಲ್‌ಬ್ಯಾಕೇ. ಚೆನ್ನಾಗಿಯೇ ಆಡುತ್ತಿದ್ದ. ಆಟಕ್ಕೆ ಇಳಿಯುವ ಮುಂಚೆ ಕತ್ತಿಗೆ ಪೌಡರು ಬಳಿದುಕೊಳ್ಳುತ್ತಿದ್ದ ಅಷ್ಟೆ. ಬೆಟ್ಟಯ್ಯ ಅವನಿಗೆ 'ಪೌಡರ್ ಡಬ್ಬಿ' ಎಂದು ಹೆಸರಿಟ್ಟ. ಸೆಕ್ರೆಟರಿ ಬೆಟ್ಟಯ್ಯನಿಗೆ 'ಅಜ್ಜಯ್ಯ' ಎಂದು ಹೆಸರಿಟ್ಟರು. ಮೂವತ್ತನಾಲ್ಕು ಮೂವತ್ತೈದರ ಮನುಷ್ಯನಿಗೆ ಆ ಹೆಸರು ಅಂಟಿಕೊಂಡೇಬಿಟ್ಟಿತು.

ಎಲ್ಲರೂ ಬೂಟು ಹಾಕಿಯೇ ಆಡಬೇಕೆಂದು ಸೆಕ್ರೆಟರಿ ಅಪ್ಪಣೆ ಮಾಡಿದರು. ಬೆಟ್ಟಯ್ಯ ಎರಡು ದಿನ ಹಾಕಿ, ಮೂರನೆಯ ದಿನ ಬೂಟುಗಳನ್ನು ದಾರ ಕಟ್ಟಿ ಹುಣಸೆಮರದ ಕೊಂಬೆಗೆ ನೇತುಹಾಕಿದ. ದೊರೆಸ್ವಾಮಿಗೆ ಪೆನಾಲ್ಟಿ ಕಾರ್ನರಿನ ಹೊಡೆತ ಹೇಳಿಕೊಡು ಎಂದರೆ, "ನನ್ ಕೈನೇ ಬಿಚ್ ಕೊಟ್ಬುಡ್ತೀನಿ ಸಾರ್, ತಗೊಂಡೋಗಿ ಅವ್ನಿಗೆ ಅಂಟಿಸ್ಬುಡಿ," ಎಂದ. ಆ ವರ್ಷವೆಲ್ಲ ಅವನು ಹೆಚ್ಚಾಗಿ ಗೆರೆಯ ಆಚೆಯೇ ಕೂತ. ಕೂತಲ್ಲಿಂದಲೇ ಒಳಗಿದ್ದವರ ತಪ್ಪುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದ.

೧೯೬೦ರಲ್ಲಿ ದಸರಾ ಬೇಗ ಬಂತು. ಸೆಪ್ಟೆಂಬರ್ ಮುಗಿಯುವುದಕ್ಕೂ ವಿಜಯದಶಮಿಗೂ ಸರಿಹೋಯಿತು. ಆಯುಧಪೂಜೆಗೆ ಬೆಟ್ಟಯ್ಯ ತನ್ನ ಹಳೆಯ ಸ್ಟಿಕ್ಕನ್ನು ತೊಳೆದು ತಾನೇ ಸಾಲಿನಲ್ಲಿಟ್ಟು ಬಂದ. ಮರುದಿನ ತಲೆಗೆ ಸ್ನಾನ ಮಾಡಿ, ಮಡಿಸಿಟ್ಟ ಪಂಚೆ ಉಟ್ಟು, ಸ್ಟಿಕ್ಕು ತೆಗೆದುಕೊಳ್ಳಲು ಹೆಗಲ ಮೇಲೊಂದು ಹೊಸ ಟವೆಲು ಹಾಕಿಕೊಂಡು ಹೋದ. ಸಾಹುಕಾರರ ಮಗ ಜಂಬೂಸವಾರಿಗೆ ನೆಂಟರನ್ನು ಕರೆದುಕೊಂಡು ಹೋಗಿದ್ದರು. ಸೆಕ್ರೆಟರಿಯೇ ಹೆಸರು ಕೂಗಿದರು. ಮೊದಲ ಹೆಸರು ದೊರೆಸ್ವಾಮಿ. ಒಂದಾದ ಮೇಲೊಂದು ಸ್ಟಿಕ್ಕುಗಳು ಕೈ ಬದಲಾದವು. ಹೊಸ ಸ್ಟಿಕ್ಕುಗಳು ಮುಗಿದವು. ಬೆಟ್ಟಯ್ಯ ಟವೆಲು ಹಿಡಿದುಕೊಂಡು ನಿಂತೇ ಇದ್ದ.

"ನಂದು, ಸಾರ್?"

"ನಿಂದೇನು?"

"ಸ್ಟಿಕ್ಕು."

"ಸ್ಟಿಕ್ಕು ಟೂರ್ನಮೆಂಟ್ ಆಡೋರಿಗೆ. ನಿನ್ನ ವಿಷಯ ಆಮೇಲೆ ನೋಡೋಣ."

"ಆಮೇಲೆ ಅಂದ್ರೆ?"

"ಆಮೇಲೆ ಅಂದ್ರೆ ಆಮೇಲೆ ಕಣಯ್ಯ. ಅಲ್ಲಿ ಪುರಿ ಕಡಲೆ ಹಂಚ್ತಿದಾರೆ, ತಗೊಂಡು ಹೊರಡು."

ಗೋಡೌನಿನ ಬಾಗಿಲ ಬಳಿ ನಿಂತಿದ್ದ ಕೂಲಿಯವರ ಗುಂಪಿನಿಂದ ಒಬ್ಬ ಕೂಗಿದ: "ಅಳಿಯಂಗೆ ಈ ಸಾರಿ ಉಡುಗೊರೆ ಇಲ್ವಂತೆ ಕಣ್ರಪ್ಪೋ!" ಗುಂಪು ಗೊಳ್ಳೆಂದಿತು. ಬೆಟ್ಟಯ್ಯ ಪೂಜೆಯ ಸಾಲಿಗೆ ಹೋಗಿ ತನ್ನ ಹಳೆಯ ಸ್ಟಿಕ್ಕನ್ನು ಎತ್ತಿಕೊಂಡ. ಪುರಿಯ ಕಡೆ ತಿರುಗಿಯೂ ನೋಡದೆ ಹೊರಟ.

ಮನೆಯಲ್ಲಿ ಹೆಂಡತಿ ಮಂಗಳಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಗಂಡನ ಕೈಯಲ್ಲಿದ್ದ ಸ್ಟಿಕ್ಕು ಹಳೆಯದು ಎಂಬುದು ಅವಳಿಗೆ ತಕ್ಷಣ ಕಾಣಿಸಿತು.

"ಕೊಡ್ನಿಲ್ವಾ?"

"ಇಲ್ಲ."

"ಯಾಕಂತೆ?"

"ಮುಗೀತು ಅಂತೆ."

"ಹಂಗಂತ ಬಾಯ್ಬಿಟ್ಟು ಅಂದ್ರಾ?"

"ಹೆಸ್ರು ಕೂಗ್ನಿಲ್ಲ ಕಣೆ. ಅಷ್ಟು ಜನದ ಮುಂದೆ ಟವೆಲ್ ಹಿಡ್ಕಂಡು ಭಿಕ್ಷೆಯವನಂಗೆ ನಿಂತಿದ್ದೀನಿ. ಇನ್ನೇನ್ ಅನ್ಬೇಕು?"

"ಆಫೀಸಿಗೆ ಹೋಗಿ ಸರ್ಯಾಗಿ ಕೇಳ್ಕಂಡು ಬನ್ನಿ. ಬಾಯಲ್ಲಿ ಕೇಳಿದ್ರೆ ಹಲ್ಲು ಉದುರೋಗ್ತವಾ?"

"ಆ ಮನ್ಷನ ಹತ್ರ ನಾನ್ ಕೇಳಾಕಿಲ್ಲ."

ಅವನು ಕೇಳಲಿಲ್ಲ. ಹಬ್ಬ ಮುಗಿಯುತ್ತಲೇ ಶುರುವಾಗುವ ಟೂರ್ನಮೆಂಟಿನ ದಿನಗಳಲ್ಲಿ ಆಟಗಾರರಿಗೆ ಗೋಡೌನಿನ ಕೆಲಸ ಇರುತ್ತಿರಲಿಲ್ಲ. ಹಾಗಾಗಿ ಅವನು ಮಿಲ್ಲಿನ ಕಡೆ ಸುಳಿಯದಿದ್ದರೂ ಯಾರೂ ಯಾಕೆಂದು ವಿಚಾರಿಸಲಿಲ್ಲ. ವಿಚಾರಿಸದಿದ್ದುದೂ ಅವನಿಗೆ ಮತ್ತೊಂದು ಸಾಕ್ಷಿಯಾಯಿತು. ಮನೆ ಬಿಡು ಎಂದೂ ಯಾರೂ ಬಂದು ಹೇಳಲಿಲ್ಲ. ಅದನ್ನು ಮಾತ್ರ ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾರ ಕಳೆದ ಮೇಲೆ ಕೆಸರೆಯ ಮರಿಸ್ವಾಮಿ ಎತ್ತಿನ ಗಾಡಿಯಲ್ಲೇ ಮನೆಯ ಮುಂದೆ ಬಂದಿಳಿದ. ಇಟ್ಟಿಗೆ ಗೂಡಿನಿಂದ ಊರೊಳಕ್ಕೆ ಇಟ್ಟಿಗೆ ಸಾಗಿಸುವವನು. ಕೆಸರೆಯ ಹುಡುಗರನ್ನು ಕಟ್ಟಿಕೊಂಡು ಒಂದು ಹಾಕಿ ತಂಡವನ್ನೂ ನಡೆಸುತ್ತಿದ್ದ.

"ಬೆಟ್ಟಣ್ಣ, ನಮಗೆ ಮೊದಲನೇ ಮ್ಯಾಚೇ ನಿಮ್ ಮಿಲ್ಲಿನ ಮೇಲೆ ಬಿದ್ದದೆ."

"ನಮ್ ಮಿಲ್ಲು ಅನ್ಬೇಡ."

"ಅದೇ ಕಣಣ್ಣ, ಕೇಳ್ದೆ. ಊರೆಲ್ಲ ಆಡ್ಕಂಡು ನಗ್ತಾವ್ರೆ, ಟವೆಲ್ ಹಿಡ್ಕಂಡು ನಿಂತಿದ್ರಂತೆ ಅಂತ."

ಮರಿಸ್ವಾಮಿ ಬೇಕೆಂದೇ ಹಾಗೆ ಹೇಳಿದನೋ ಏನೋ. ಆಮೇಲೆ ಮೆಲ್ಲಗೆ, "ನಮ್ ಕಡೆ ಫುಲ್‌ಬ್ಯಾಕಿಗೆ ಜನ ಇಲ್ಲ," ಎಂದ.

ಬಾಗಿಲಲ್ಲಿ ನಿಂತಿದ್ದ ಮಂಗಳಮ್ಮ ನಡುವೆ ಬಾಯಿ ಹಾಕಿದಳು. "ಬೇಡಿ ಕಣ್ರೀ. ಮನೆ ಖಾಲಿ ಮಾಡಿ ಅಂತ ಇನ್ನೂ ಯಾರೂ ಬಂದಿಲ್ಲ. ಏನೈತೋ ಎಂತೋ, ಮೊದ್ಲು ಕೇಳ್ಕಳಿ."

"ವಿಜಯದಶಮಿ ಆಯ್ತು, ಧಣಿ ಕೈಯಿಂದ ಸ್ಟಿಕ್ಕು ಬರ್ನಿಲ್ಲ. ಕರಾರು ಮುಗೀತು. ಇನ್ನ್ ನಾನು ಯಾರ ಕಡೆ ಆಡಿದ್ರೆ ಯಾರಪ್ಪನ ಗಂಟು?" ಎಂದು ಬೆಟ್ಟಯ್ಯ ಮರಿಸ್ವಾಮಿಯ ಕಡೆ ತಿರುಗಿದ. "ಬತ್ತೀನಿ ನಡಿ."

ಮ್ಯಾಚು ಅಕ್ಟೋಬರ್ ಎರಡನೇ ವಾರದ ಭಾನುವಾರ. ಒಂದೊಂದು ಬಣ್ಣದ ಅಂಗಿ ತೊಟ್ಟ ಕೆಸರೆಯ ಹುಡುಗರ ನಡುವೆ ಬೆಟ್ಟಯ್ಯ ಬರಿಗಾಲಿನಲ್ಲಿ ಮೈದಾನಕ್ಕಿಳಿದಾಗ ಮಿಲ್ಲಿನವರ ಕಡೆ ಗುಜುಗುಜು ಎದ್ದಿತು. ದೊರೆಸ್ವಾಮಿ ಓಡುತ್ತ ಸೆಕ್ರೆಟರಿಯ ಹತ್ತಿರ ಹೋದ.

"ಸಾರ್, ಅಜ್ಜಯ್ಯ ಅವರ ಕಡೆ ಇಳಿದಿದ್ದಾರೆ. ಆಕ್ಷೇಪಣೆ ಹಾಕೋಣ್ವಾ?"

ಅನಂತಪದ್ಮನಾಭ ಅವರು ಬೆಟ್ಟಯ್ಯನನ್ನೇ ದಿಟ್ಟಿಸಿ ನೋಡಿದರು. "ಬೇಡ. ಆಡ್ಲಿ ಬಿಡು," ಎಂದರು. ಆಮೇಲೆ ಅಂಪೈರುಗಳ ಮೇಜಿಗೆ ಹೋಗಿ, ಗಟ್ಟಿಯಾಗಿಯೇ, "ಕೆಸರೆಯ ಫುಲ್‌ಬ್ಯಾಕ್ ಹೆಸರನ್ನು ಪೂರ್ತಿಯಾಗಿ ಬರೆದುಕೊಳ್ಳಿ. ತಂದೆ ಹೆಸರೂ ಇರಲಿ. ಆಮೇಲೆ ಗೊಂದಲ ಆಗಬಾರದು," ಎಂದರು. ಬೆಟ್ಟಯ್ಯನಿಗೆ ಅದು ಕೇಳಿಸಿತು. ಈಗಲಾದರೂ ಹೆದರಿದನಲ್ಲ ಎಂದು ಒಳಗೊಳಗೇ ಹಿಗ್ಗಿದ.

ಅವನು ಅಂದು ಆಡಿದ್ದು ಆಟವೆನ್ನುವುದಕ್ಕಿಂತ ಜಗಳ. ಮಿಲ್ಲಿನ ಮುಂಚೂಣಿ ಆಟಗಾರರು ಚೆಂಡು ತಂದಾಗಲೆಲ್ಲ ಅವನ ಭುಜಕ್ಕೋ ಮೊಣಕೈಗೋ ಸಿಕ್ಕಿ ಉರುಳಿದರು. ಅಂಪೈರು ಎರಡು ಸಲ ಎಚ್ಚರಿಕೆ ಕೊಟ್ಟ. ದೊರೆಸ್ವಾಮಿ ಸಿಟ್ಟಿಗೆದ್ದು ತಾನೇ ಚೆಂಡು ತೆಗೆದುಕೊಂಡು ಮುಂದೆ ಬಂದ.

"ಅಜ್ಜಯ್ಯ, ಉಸಿರಿದೆಯಾ? ಕುರ್ಚಿ ತರಿಸ್ಲಾ?"

"ನೀನ್ ಉಸಾರು ಕಣೋ ಡಬ್ಬಿ. ಬೆವ್ರು ಬತ್ತಾ ಐತೆ, ಪೌಡ್ರೆಲ್ಲ ಕರಗೋಗ್ಬುಟ್ಟಾತು!"

ಮಾತು ಮುಗಿಯುವಷ್ಟರಲ್ಲಿ ಚೆಂಡು ಬೆಟ್ಟಯ್ಯನ ಸ್ಟಿಕ್ಕಿನಲ್ಲಿತ್ತು.

ಆಟ ಮುಗಿಯಲು ಇನ್ನು ಸ್ವಲ್ಪವೇ ಇದ್ದಾಗ ಕೆಸರೆಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲಿನ ಗೆರೆಯಿಂದ ಒಬ್ಬ ಚೆಂಡನ್ನು ತಳ್ಳುವುದು, ಎದುರು ನಿಂತ ಇನ್ನೊಬ್ಬ ಅದನ್ನು ಕೈಯಲ್ಲಿ ಅದುಮಿ ನಿಲ್ಲಿಸುವುದು, ಮೂರನೆಯವನು ಹೊಡೆಯುವುದು. ಆಗ ಕೈಯಲ್ಲಿ ನಿಲ್ಲಿಸಲು ಅಡ್ಡಿಯಿರಲಿಲ್ಲ. ಮರಿಸ್ವಾಮಿ ಅಂಗೈ ಒರೆಸಿಕೊಂಡು ಬಗ್ಗಿದ.

"ಬೆರಳಿನ್ ಮೇಲೆ ಆಸೆ ಇದ್ರೆ ಕೈ ಬೇಗ್ನೆ ತಕ್ಕೊ," ಎಂದ ಬೆಟ್ಟಯ್ಯ.

ಚೆಂಡು ಬಂತು, ನಿಂತಿತು, ಕೈ ಸರಿಯಿತು. ಹೊಡೆತದ ಸದ್ದೂ ಗೋಲಿನ ಹಲಗೆಯ ಸದ್ದೂ ಒಟ್ಟಿಗೇ ಕೇಳಿಸಿದವು. ಗೋಲಿನಲ್ಲಿ ನಿಂತಿದ್ದ ದೊರೆಸ್ವಾಮಿಗೆ ಕಾಲು ಎತ್ತಿಕೊಳ್ಳುವುದಕ್ಕಷ್ಟೇ ಸಮಯ ಸಿಕ್ಕಿತ್ತು. ಮಿಲ್ಲು ಆ ಒಂದು ಗೋಲಿನಿಂದ ಸೋತಿತು. ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿದವರು ಗೋಡೌನಿನ ಕೂಲಿಯವರು. "ಅಳಿಯಂದ್ರಿಗೆ ಅಳಿಯನ್ ಕೈಲೇ ಆಗ್ಬೇಕಿತ್ತು!" ಎಂದು ಅವರು ಕುಣಿದರು.

ಕೆಸರೆಯ ಹುಡುಗರ ಹೆಗಲಿನಿಂದ ಬೆಟ್ಟಯ್ಯ ಇಳಿದಾಗ ಅನಂತಪದ್ಮನಾಭ ಅವರು ಎದುರಿಗೇ ನಿಂತಿದ್ದರು. ಕೈ ಚಾಚಿ ಅವನ ಕೈ ಕುಲುಕಿದರು. "ಚೆನ್ನಾಗಿ ಆಡಿದೆ, ಬೆಟ್ಟ. ನಾಳೆ ಆಫೀಸಿಗೆ ಬಾ." ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

"ಕರೀತಾವ್ರೆ ನೋಡು," ಎಂದು ಬೆಟ್ಟಯ್ಯ ಅಂದು ಹೆಂಡತಿಗೆ ಹೇಳಿದ. "ಈಗ ಗೊತ್ತಾಯ್ತು, ಬೆಟ್ಟಯ್ಯ ಇಲ್ದಿದ್ರೆ ತಂಡ ಏನು ಅಂತ."

ಬೆಳಿಗ್ಗೆ ಆಫೀಸಿನಲ್ಲಿ ಸೆಕ್ರೆಟರಿ ಅವನನ್ನು ಕೂರಲು ಹೇಳದೆ ಹಿಂದಿನ ವರ್ಷದ ಕರಾರಿನ ಕಾಗದವನ್ನು ಮೇಜಿನ ಮೇಲೆ ಬಿಡಿಸಿದರು.

"ಇದು ನಿನ್ನ ರುಜು ತಾನೆ?"

"ಹೌದು."

"ಇಲ್ಲಿ ಏನು ಬರೆದಿದೆ ಗೊತ್ತೋ? ಅಕ್ಟೋಬರ್ ಇಪ್ಪತ್ತಮೂರರವರೆಗೆ ಬೇರೆ ತಂಡಕ್ಕೆ ಆಡಕೂಡದು. ನಿನ್ನೆ ತಾರೀಖು ಎಷ್ಟು?"

ಬೆಟ್ಟಯ್ಯನಿಗೆ ಮೊದಲು ಅರ್ಥವಾಗಲಿಲ್ಲ. "ವಿಜಯದಶಮಿ ಆಗೋಯ್ತಲ್ಲ, ಸಾರ್."

"ಆಗಲಿ. ಈ ಕಾಗದದಲ್ಲಿ ವಿಜಯದಶಮಿ ಎಲ್ಲಿದೆ, ತೋರಿಸು."

"ದೊಡ್ಡ ಸಾಹುಕಾರ್ರು ಯಾವಾಗ್ಲೂ ವಿಜಯದಶಮಿಗೇ..."

"ದೊಡ್ಡ ಸಾಹುಕಾರ್ರು ತೀರಿಕೊಂಡರು." ಅವರು ಕಾಗದ ಮಡಚಿದರು. "ಇನ್ನೊಂದು ವಿಷಯವನ್ನೂ ತಿಳಿದುಕೊ. ನಿನಗೆ ಇನ್ನೊಂದು ವರ್ಷ ಕರಾರು ಕೊಡಬೇಕು ಅಂತ ಈಗಿನ ಸಾಹುಕಾರರು ಹೇಳಿದ್ದರು. ಆಡೋದಕ್ಕಲ್ಲ, ಹುಡುಗರಿಗೆ ಹೇಳಿಕೊಡೋದಕ್ಕೆ. ತಂದೆಯ ಕಾಲದ ಮನುಷ್ಯ ಅಂತ. ನಾನು ಬೇಡವೇ ಬೇಡ ಅಂದೆ. ಅವರು ಕೇಳಲಿಲ್ಲ. ಇಪ್ಪತ್ತನಾಲ್ಕಕ್ಕೆ ನಿನ್ನನ್ನು ಕರೆಸಬೇಕು ಅಂತಿದ್ದೆ."

"ಅವತ್ತೇ ಹೇಳ್ಬೌದಿತ್ತಲ್ಲ ನೀವು?"

"ನೀನು ಕೇಳಬಹುದಾಗಿತ್ತಲ್ಲ?"

"ನೆನ್ನೆ? ಮೈದಾನಕ್ಕೆ ಇಳಿಯೋಕ್ ಮುಂಚೆ ಒಂದು ಮಾತು?"

"ನಿನ್ನನ್ನು ಕೈ ಹಿಡಿದು ನಡೆಸೋದು ನನ್ನ ಕೆಲಸ ಅಲ್ಲ." ಆಮೇಲೆ, ಬೇಸರದ ದನಿಯಲ್ಲಿ, "ಸಾಹುಕಾರರು ಇನ್ನೂ ಒಂದು ದಾರಿ ಬಿಟ್ಟಿದ್ದಾರೆ. ತಂಡದ ಎದುರಿಗೆ ನಿಂತು, ಮಿಲ್ಲಿನ ಅನ್ನ ತಿಂದು ಮಿಲ್ಲಿಗೆ ನಿಯತ್ತು ತಪ್ಪಿದೆ, ಕ್ಷಮಿಸಿ ಅಂತ ಹೇಳು. ಹೇಳಿದರೆ ಕರಾರು. ಸಂಜೆ ಐದಕ್ಕೆ ಬಾ."

ಮಂಗಳಮ್ಮನಿಗೆ ಇದನ್ನು ಹೇಳಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇಬ್ಬರು ಹೆಣ್ಣುಮಕ್ಕಳು ಲೈನಿನ ಪಕ್ಕದ ಶಾಲೆಯಲ್ಲಿ ಓದುತ್ತಿದ್ದರು. ನೀರು ನಲ್ಲಿಯಲ್ಲಿ ಬರುವ ಮನೆ ಅವಳ ತವರಿನಲ್ಲಿ ಯಾರಿಗೂ ಇರಲಿಲ್ಲ. "ನಾನ್ ಬಡ್ಕಂಡೆ, ಕೇಳ್ಕಳಿ ಕೇಳ್ಕಳಿ ಅಂತ," ಎಂದಳು. "ಹೋಗ್ಲಿ. ಒಂದು ಮಾತು. ಗಾಳೀಲಿ ಹೋಗೋ ಮಾತು. ಹೇಳ್ಬುಟ್ಟು ಬನ್ನಿ. ನಮ್ ತಲೆ ಮೇಲೆ ಸೂರು ಉಳೀತದೆ."

"ಹೇಳ್ತೀನಿ," ಎಂದ ಬೆಟ್ಟಯ್ಯ. ಹೇಳಬೇಕೆಂದೇ ಹೊರಟ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡೇ ನಡೆದ.

ಆಟಗಾರರನ್ನು ಸಾಲಾಗಿ ನಿಲ್ಲಿಸಿದ್ದರು. ಹಿಂದಿನ ದಿನದ ಸೋಲಿಗೆ ಎಲ್ಲರೂ ಬೈಸಿಕೊಂಡಿದ್ದರು. ಯಾರ ಮುಖದಲ್ಲೂ ಅವನಿಗಾಗಿ ಮರುಕವಿರಲಿಲ್ಲ. ಬೆಟ್ಟಯ್ಯ ಎದುರಿಗೆ ನಿಂತು ನೆಲ ನೋಡುತ್ತ ಹೇಳಿದ: "ನನ್ನಿಂದ ತಪ್ಪಾಯ್ತು. ತಾರೀಖು ಗೊತ್ತಾಗ್ನಿಲ್ಲ. ಹಬ್ಬದ ಲೆಕ್ಕ ಹಿಡ್ದು ಕರಾರು ಮುಗೀತು ಅನ್ಕಂಡೆ. ಕೆಸರೆಯವ್ರ ಕಡೆ ಆಡ್ಬುಟ್ಟೆ. ಕ್ಷಮಿಸ್ಬೇಕು."

"ಇನ್ನೂ ಇದೆ," ಎಂದರು ಸೆಕ್ರೆಟರಿ.

"ತಪ್ಪಾಯ್ತು ಅಂದ್ನಲ್ಲ, ಸಾರ್."

"ನಿಯತ್ತಿನ ಮಾತು ಬರಲಿಲ್ಲ."

"ಅದೊಂದು ಬುಟ್ಟು ಬ್ಯಾರೆ ಏನಾರ ಹೇಳ್ಸಿ. ಹೇಳ್ತೀನಿ."

"ಬೇಕಾಗಿರೋದು ಅದೊಂದೇ."

"ಬೇಗ ಹೇಳ್ಬಿಡಿ ಅಜ್ಜಯ್ಯ," ಎಂದ ದೊರೆಸ್ವಾಮಿ, ಕಾಲು ಬದಲಿಸುತ್ತ. "ನಾವೂ ಮನೆಗೆ ಹೋಗಬೇಕು."

ಬೆಟ್ಟಯ್ಯ ತಲೆಯೆತ್ತಿದ. ಒಬ್ಬೊಬ್ಬರನ್ನೇ ನೋಡುತ್ತ ಬಂದು ಕೊನೆಗೆ ಸೆಕ್ರೆಟರಿಯ ಮುಖದಲ್ಲಿ ಕಣ್ಣು ನಿಲ್ಲಿಸಿದ. ದಾರಿಯುದ್ದಕ್ಕೂ ಹೊರಳಿಸಿಕೊಂಡು ಬಂದಿದ್ದ ಮಾತು ಬರಲಿಲ್ಲ, ಬೇರೆ ಮಾತು ಬಂತು.

"ಹದ್ಮೂರು ವರ್ಷ ಈ ಮಿಲ್ಲಿಗೆ ಆಡಿವ್ನಿ. ಜ್ವರ ಬಂದ್ರೂ ಆಡಿವ್ನಿ, ನಮ್ಮಪ್ಪ ಸತ್ ತಿಥಿ ದಿನಾನೂ ಆಡಿವ್ನಿ. ತಾರೀಖು ಗೊತ್ತಿಲ್ದೆ ಆಡ್ದೋನು ನಾನು. ಗೊತ್ತಿದ್ದೂ ಬಾಯ್ ಮುಚ್ಕಂಡು ನಿಂತು, ಮೇಜಿನ್ ಹತ್ರ ಹೋಗಿ ನಮ್ಮಪ್ಪನ ಹೆಸ್ರನ್ನೂ ಸೇರ್ಸಿ ಬರೆಸ್ದೋರು ಯಾರು? ಮಿಲ್ಲು ಸೋತ್ರೂ ಸರಿ, ಬೆಟ್ಟಯ್ಯ ಕೆಡ್ಲಿ ಅಂತ ನಿಂತಿದ್ದೋರು ಯಾರು? ನಿಯತ್ತು ತಪ್ದೆ ಅಂತ ಮೊದ್ಲು ಅವ್ರು ಹೇಳ್ಲಿ. ಆಮೇಲೆ ನಾನ್ ಹೇಳ್ತೀನಿ."

ಸಾಲಿನಲ್ಲಿ ಯಾರೋ ಕೆಮ್ಮಿದರು. ಅನಂತಪದ್ಮನಾಭ ಅವರ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. ಇದನ್ನೇ ಕಾದಿದ್ದವರಂತೆ ಇದ್ದರು. "ಸರಿ. ತಿಂಗಳ ಕೊನೆಗೆ ಮನೆಯ ಬೀಗದ ಕೈ ವಾಚ್‌ಮ್ಯಾನ್‌ಗೆ ಕೊಟ್ಟು ಹೋಗು," ಎಂದರು. ಆಮೇಲೆ ಸಾಲಿನ ಕಡೆ ತಿರುಗಿ, "ಎರಡು ರೌಂಡು ಓಡಿ," ಎಂದರು. ಆಟಗಾರರು ಬೆಟ್ಟಯ್ಯನನ್ನು ಸುತ್ತಿಹಾಕಿಕೊಂಡು ಓಡಿದರು.

ಸಾಹುಕಾರರ ಮಗನನ್ನೂ ಅವನು ಒಮ್ಮೆ ಮನೆಗೆ ಹೋಗಿ ಕಂಡ. ಅವರು ಜಗುಲಿಯಲ್ಲೇ ನಿಲ್ಲಿಸಿ ಮಾತಾಡಿಸಿದರು. "ನಮ್ಮ ತಂದೆಯವರು ಕಟ್ಟಿದ ತಂಡದ ಮೇಲೆ ಗೋಲು ಹೊಡೆದ್ರಿ. ಹೋಗಲಿ ಅಂತ ಒಂದು ಮಾತು ಕೇಳಿದ್ದಕ್ಕೆ ಎಲ್ಲರ ಮುಂದೆ ಅಧಿಕಾರಿಯನ್ನು ಬೈದ್ರಿ. ಇನ್ನು ನನ್ನನ್ನು ಕೇಳಬೇಡಿ," ಎಂದು ಒಳಗೆ ಹೋದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಟ್ಟಯ್ಯ ಚಪ್ಪಲಿ ಮೆಟ್ಟಿಕೊಂಡು ಬಂದ.

ಮಂಗಳಮ್ಮ ಪಾತ್ರೆಗಳನ್ನು ತಾನೇ ಕಟ್ಟಿದಳು, ಮರಿಸ್ವಾಮಿಯ ಗಾಡಿಗೆ ತಾನೇ ಏರಿಸಿದಳು. ಗಂಡ ಕೈ ಹಾಕಲು ಬಂದಾಗ, "ನಿಮ್ ಕೈ ನೋಯ್ಸ್ಕಬೇಡಿ, ಇನ್ನೂ ಯಾರಾರ ಆಟಕ್ಕೆ ಕರ್ದಾರು," ಎಂದಳು. ಕೆಸರೆಯಲ್ಲಿ ಒಂದು ಅಂಕಣದ ಹೆಂಚಿನ ಮನೆ ಸಿಕ್ಕಿತು. ನೀರಿಗೆ ಬಾವಿ ದೂರ. ಮಕ್ಕಳ ಶಾಲೆ ಆ ವರ್ಷ ನಿಂತಿತು. ಚಿಕ್ಕವಳು ಮಾತ್ರ ಮುಂದಿನ ವರ್ಷ ಮತ್ತೆ ಸೇರಿದಳು. ಮಂಗಳಮ್ಮ ಊದುಬತ್ತಿ ಹೊಸೆಯುವ ಕೆಲಸ ಹಿಡಿದಳು. ಆ ಸಂಜೆಯ ಬಗ್ಗೆ ಅವಳು ಗಂಡನನ್ನು ಇವತ್ತಿಗೂ ಕ್ಷಮಿಸಿಲ್ಲ. ತಾನು ಮಾಡಿದ್ದು ಸರಿಯೆಂದು ಅವನೂ ಅವಳೆದುರು ಒಂದು ದಿನವೂ ವಾದಿಸಿಲ್ಲ.

ಕೆಸರೆಯ ತಂಡ ಎರಡನೆಯ ಸುತ್ತಿನಲ್ಲೇ ಸೋತಿತು. ಮುಂದಿನ ವರ್ಷ ಹುಡುಗರು ಬಂದು ಕರೆದರು, ಬೆಟ್ಟಯ್ಯ ಹೋಗಲಿಲ್ಲ. ಅನಂತಪದ್ಮನಾಭ ಅವರು ಬಡ್ತಿ ಪಡೆದು ಮಿಲ್ಲಿನ ಮ್ಯಾನೇಜರಾದರು. ದಾರಿಯಲ್ಲಿ ಎದುರಾದರೆ ಇಬ್ಬರಲ್ಲಿ ಒಬ್ಬರು ರಸ್ತೆ ದಾಟುತ್ತಾರೆ, ಹೆಚ್ಚಾಗಿ ಬೆಟ್ಟಯ್ಯನಲ್ಲ.

ಈಗ ಬೆಟ್ಟಯ್ಯ ಮರಿಸ್ವಾಮಿಯ ಎರಡನೇ ಗಾಡಿ ಹೊಡೆಯುತ್ತಾನೆ. ಕೆಸರೆಯ ಗೂಡಿನಿಂದ ಇಟ್ಟಿಗೆ ತುಂಬಿಕೊಂಡು ಊರಿನಲ್ಲಿ ಹೊಸ ಮನೆ ಏಳುತ್ತಿರುವ ಕಡೆ ಇಳಿಸಿ ಬರುತ್ತಾನೆ.